ಟಿಸಿಎಂ ಹೋಗಿದೆ ಅಂತಾರೆ, ಹೊಸದು ಹಾಕಿಸಿಬಿಡ್ಲಾ?

ಪ್ರಶ್ನೆ: ನಮ್ಮದು ಆರು ಗೇರಿನ ಆಟೊಮ್ಯಾಟಿಕ್ ಕಾರು, ಎಂಟು ವರ್ಷ ಹಳೆಯದು. ಸೇಡಂನಿಂದ ಕಲಬುರಗಿಗೆ ಮಧ್ಯಾಹ್ನ ಬರುವಾಗ ಗೇರು ಮೂರರಲ್ಲೇ ನಿಂತುಬಿಡುತ್ತದೆ, ಚೆಕ್ ಎಂಜಿನ್ ದೀಪ ಹತ್ತುತ್ತದೆ. ಗಾಡಿ ಆಫ್ ಮಾಡಿ ಚಹಾ ಕುಡಿದು ಬಂದರೆ ಎಲ್ಲ ಸರಿ. ಮಿಸ್ತ್ರಿ ಸ್ಕ್ಯಾನರ್ ಹಚ್ಚಿ ನೋಡಿ, 'ಪಿ0700 ಬಂದದರಿ, ಟಿಸಿಎಂ ಹೋಗ್ಯಾದ' ಅಂದರು. ಹೊಸದು ಹಾಕಿಸಲಾ?

ಉತ್ತರ: ಈಗಲೇ ಬೇಡ. ಮೊದಲು ಆ ಚಹಾದ ವಿಷಯ ಮಾತಾಡೋಣ.

ಟಿಸಿಎಂ ಅಂದರೆ ಟ್ರಾನ್ಸ್‌ಮಿಷನ್ ಕಂಟ್ರೋಲ್ ಮಾಡ್ಯೂಲ್, ಗೇರ್‌ಬಾಕ್ಸಿನ ಕಂಪ್ಯೂಟರ್. ಶಾಫ್ಟ್ ಎಷ್ಟು ವೇಗ ತಿರುಗುತ್ತಿದೆ, ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ, ಆಯಿಲ್ ಎಷ್ಟು ಕಾದಿದೆ ಅಂತ ಸೆನ್ಸರ್‌ಗಳಿಂದ ಕೇಳಿ, ಆಯಿಲ್ ದಾರಿ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್‌ಗಳಿಗೆ ಕರೆಂಟ್ ಕೊಟ್ಟು ಗೇರು ಬದಲಿಸುತ್ತದೆ. ಕೇಳಿದ ಲೆಕ್ಕದಲ್ಲಿ ಒಂದು ತಾಳೆಯಾಗದಿದ್ದರೂ ಅದಕ್ಕೆ ಭಯ. ಗೇರ್‌ಬಾಕ್ಸ್ ಸುಡದಿರಲಿ ಅಂತ ಒಂದೇ ಗೇರಿನಲ್ಲಿ ಕೂತುಬಿಡುತ್ತದೆ. ಇದನ್ನೇ ಲಿಂಪ್ ಮೋಡ್ ಅನ್ನೋದು. ಬಹಳ ಗಾಡಿಗಳಲ್ಲಿ ಒಮ್ಮೆ ಹೀಗೆ ಕೂತರೆ ಕೀ ಆಫ್ ಮಾಡುವ ತನಕ ಏಳುವುದಿಲ್ಲ. ಹಾಗಾಗಿ ನಿಮ್ಮ ಗಾಡಿ ಸರಿಯಾಗಿದ್ದು ತಣ್ಣಗಾಗಿದ್ದಕ್ಕೋ, ಬರೀ ಕೀ ತಿರುಗಿಸಿದ್ದಕ್ಕೋ ಗೊತ್ತಾಗಲ್ಲ, ಅಲ್ವಾ?

ಮುಂದಿನ ಸಲ ರಸ್ತೆ ಬದಿಗೆ ನಿಲ್ಲಿಸಿ ಆಫ್ ಮಾಡಿ, ಒಂದು ನಿಮಿಷಕ್ಕೇ ಮತ್ತೆ ಸ್ಟಾರ್ಟ್ ಮಾಡಿ. ಆಗಲೇ ಸರಿಯಾಗಿ ಓಡಿದರೆ ಬಿಸಿಲಿನ ಮೇಲೆ ತಪ್ಪು ಹೊರಿಸಲು ಆಧಾರ ಸಾಲದು. ಚೂರು ಅಲುಗಿದ ವೈರ್ ಕೂಡ ಇದೇ ಆಟ ಆಡುತ್ತದೆ. ಅರ್ಧ ಗಂಟೆ ಆರಿದ ಮೇಲೆ ಮಾತ್ರ ಸರಿಯಾಗುತ್ತಿದ್ದರೆ ಕಾವಿಗೆ ಕೈಕೊಡುವ ಭಾಗ ಹುಡುಕಬೇಕು. ಅದು ಟಿಸಿಎಂ ಒಳಗಿನ ಬಿರುಕು ಬಿಟ್ಟ ಬೆಸುಗೆ ಇರಬಹುದು. ವೇಗದ ಸೆನ್ಸರ್ ಅಥವಾ ಸೊಲೆನಾಯ್ಡ್ ಕಾಯಿಲ್ ಕೂಡ ಇರಬಹುದು. ನಮ್ಮ ಏಪ್ರಿಲ್-ಮೇ ಬಿಸಿಲು ಇವನ್ನೆಲ್ಲ ಒಂದೇ ಸಮ ಕಾಡುತ್ತದೆ.

ಇನ್ನು ಆ ಕೋಡ್. ಪಿ0700 ಅಂದರೆ 'ಗೇರ್‌ಬಾಕ್ಸ್ ಕಡೆ ಏನೋ ಆಗಿದೆ, ಅಲ್ಲಿ ಹೋಗಿ ಕೇಳು' ಅಂತ ಎಂಜಿನ್ ಕಂಪ್ಯೂಟರ್ ಹೇಳುವ ಮಾತು. ಅಸಲಿ ದೂರು ಟಿಸಿಎಂ ಒಳಗೆ ಇನ್ನೊಂದು ಕೋಡಾಗಿ ಕೂತಿರುತ್ತದೆ. ಕಡಿಮೆ ರೇಟಿನ ಸ್ಕ್ಯಾನರ್‌ಗಳು ಬಹುತೇಕ ಎಂಜಿನ್ ಬಾಗಿಲಲ್ಲೇ ನಿಂತು ವಾಪಸ್ ಬರುತ್ತವೆ. ಟಿಸಿಎಂ ಒಳಗೆ ಹೋಗುವ ಸ್ಕ್ಯಾನರ್ ಇರುವವರ ಹತ್ತಿರ ಓದಿಸಿ. ಪಿ0715 ಬಂದರೆ ಇನ್‌ಪುಟ್ ವೇಗದ ಸೆನ್ಸರ್ ಸಾಲು, ಪಿ0720 ಬಂದರೆ ಔಟ್‌ಪುಟ್ ಸೆನ್ಸರ್ ಸಾಲು ನೋಡಬೇಕು. 'ಸಾಲು' ಅಂದಿದ್ದು ಬೇಕೆಂದೇ. ಸೆನ್ಸರ್, ಅದರ ವೈರ್, ಕನೆಕ್ಟರ್ ಎಲ್ಲ ಸೇರಿ. ಓದುವ ಮೊದಲು ಕೋಡ್ ಅಳಿಸಲು ಯಾರಿಗೂ ಬಿಡಬೇಡಿ, ಅದು ಸಾಕ್ಷಿ.

ಹೋದ ಬೇಸಿಗೆಯಲ್ಲಿ ನನ್ನ ಹತ್ತಿರ ಒಂದು ಗಾಡಿ ಬಂತು. ಬೇರೆ ಕಡೆ ಹೊಸ ಟಿಸಿಎಂ ಹಾಕಿಸಿಯಾಗಿತ್ತು, ದುಡ್ಡೂ ಹೋಗಿತ್ತು, ರೋಗ ಮಾತ್ರ ಹಾಗೇ ಇತ್ತು. ಎಂಜಿನ್ ಚಾಲೂ ಇಟ್ಟು, ಎಸಿ, ಹೆಡ್‌ಲೈಟ್ ಎಲ್ಲ ಹಾಕಿಸಿದೆ. ಮಲ್ಟಿಮೀಟರಿನ ಕೆಂಪು ಕಡ್ಡಿ ಗೇರ್‌ಬಾಕ್ಸ್ ಮೈಗೆ, ಕಪ್ಪು ಕಡ್ಡಿ ಬ್ಯಾಟರಿ ಮೈನಸ್‌ಗೆ. ಅಲ್ಲಿ ಹೆಚ್ಚೆಂದರೆ 0.1 ವೋಲ್ಟಿನ ಆಸುಪಾಸು ತೋರಿಸಬೇಕು. ತೋರಿಸಿದ್ದು 0.9. ಗೇರ್‌ಬಾಕ್ಸನ್ನು ಬ್ಯಾಟರಿ ಮೈನಸ್‌ಗೆ ಜೋಡಿಸುವ ಅರ್ಥಿಂಗ್ ಪಟ್ಟಿಯ ಬೋಲ್ಟ್ ಬಿಚ್ಚಿದರೆ ಅಡಿಯಲ್ಲಿ ತುಕ್ಕಿನ ಪುಡಿ. ಉಪ್ಪು ಕಾಗದದಲ್ಲಿ ಉಜ್ಜಿ, ಬಿಗಿ ಮಾಡಿ ನೋಡಿದರೆ 0.04. ಗಾಡಿ ಮತ್ತೆ ಬರಲಿಲ್ಲ. ಓನರ್ ಮುಖ ನೋಡೋಕಾಗಲಿಲ್ಲ.

ಅದಕ್ಕೇ ನಾನು ಬ್ಯಾಟರಿಯಿಂದ ಶುರು ಮಾಡೋದು. ನಿಂತಾಗ 12.6 ವೋಲ್ಟಿನ ಹತ್ತಿರ, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ಇರಬೇಕು. ವೋಲ್ಟೇಜ್ ಬಿದ್ದರೆ ಒಳ್ಳೇ ಟಿಸಿಎಂ ಕೂಡ ಹುಚ್ಚುಹುಚ್ಚಾಗಿ ಆಡುತ್ತದೆ. ಆಮೇಲೆ ಫ್ಯೂಸ್, ಆಯಿಲ್ ಮಟ್ಟ, ಕನೆಕ್ಟರ್. ಪಿನ್ ಹಸಿರುಗಟ್ಟಿದ್ದರೆ ನೀರು ಹೊಕ್ಕಿದೆ ಅಂತ ಅರ್ಥ. ಭೀಮಾ ದಂಡೆಯ ಊರಿನವರು 2020ರ ಅಕ್ಟೋಬರ್ ನೆರೆಯಲ್ಲಿ ಗಾಡಿ ನೆನೆದಿತ್ತಾ ಅಂತ ನೆನಪು ಮಾಡಿಕೊಳ್ಳಿ. ಪಿನ್ನಿನ ತುಕ್ಕು ವರ್ಷಗಟ್ಟಲೆ ಸುಮ್ನಿದ್ದು ಆಮೇಲೆ ಕಾಡುತ್ತದೆ. ಇನ್ನೊಂದು ನಮ್ಮ ಕಡೆಯ ಕಾಟ ಇಲಿ. ತೊಗರಿ ರಾಶಿ ಮನೆಗೆ ಬಂದ ಮೇಲೆ, ಚೀಲದ ಪಕ್ಕ ನಿಲ್ಲಿಸಿದ ಗಾಡಿಯ ಬಾನೆಟ್ ಎತ್ತಿ ವೈರ್ ಕಟ್ಟುಗಳನ್ನು ಕೈಯಿಂದ ಸವರಿ ನೋಡಿ. ಮೇಲಿನ ಟೇಪ್ ಚೆನ್ನಾಗಿದ್ದು, ಅಡಿಯಲ್ಲಿ ತಾಮ್ರ ಕಾಣುವಷ್ಟು ಕಡಿದಿರುತ್ತದೆ.

ಹಾಗಾದರೆ ಟಿಸಿಎಂ ಕೆಡೋದೇ ಇಲ್ವಾ? ಕೆಡುತ್ತದೆ. ಸ್ಕ್ಯಾನರ್‌ನಲ್ಲಿ ಯು0101 ಬರುತ್ತದೆ, ಅಂದರೆ ಟಿಸಿಎಂ ಯಾರ ಕೂಡ ಮಾತಾಡುತ್ತಿಲ್ಲ. ಅದರ ಕನೆಕ್ಟರಿನಲ್ಲಿ ಪ್ಲಸ್, ಅರ್ಥಿಂಗ್ ಎರಡೂ ಸರಿ ಇವೆ. ಬ್ಯಾಟರಿ ತೆಗೆದು, ಸ್ಕ್ಯಾನರ್ ಹಚ್ಚುವ ಒಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ ನಡುವೆ ಅಳೆದರೆ ಸುಮಾರು 60 ಓಮ್ ಇದೆ, ಅಂದರೆ ಕಂಪ್ಯೂಟರ್‌ಗಳು ಮಾತಾಡುವ ಕ್ಯಾನ್ ಲೈನ್ ತುಂಡಾಗಿಲ್ಲ. ಇಷ್ಟಾದರೂ ಅದು ಮೂಕಾಗಿದ್ದರೆ ಟಿಸಿಎಂ ಪೆಟ್ಟಿಗೆಯೇ ಸತ್ತಿದೆ ಅನ್ನಬಹುದು. ಪಿ0613 ಬಂದರೆ ಅದು ಪ್ರೊಸೆಸರ್ ಬಗ್ಗೆಯೇ ದೂರು. ನಿಮ್ಮದರಂತೆ ಬಂದು ಹೋಗುವ ರೋಗಕ್ಕೆ ಇನ್ನೊಂದು ಉಪಾಯವಿದೆ. ಪೆಟ್ಟಿಗೆ ಗೇರ್‌ಬಾಕ್ಸಿನ ಹೊರಗೆ ಕೂತಿದ್ದರೆ ಹೇರ್ ಡ್ರೈಯರ್‌ನಿಂದ ಹದವಾಗಿ ಬಿಸಿ ಕೊಟ್ಟು ನೋಡಿ. ಅದನ್ನೊಂದನ್ನೇ ಕಾಯಿಸಿದಾಗ ತಪ್ಪು ಮರುಕಳಿಸಿದರೆ ಕಳ್ಳ ಸಿಕ್ಕಿದ ಹಾಗೆ.

ಬದಲಿಸುವುದೇ ಆದರೆ, ಬಿಚ್ಚಿ ಕೂರಿಸೋದು ಸಣ್ಣ ಕೆಲಸ. ಬ್ಯಾಟರಿ ಮೈನಸ್ ತೆಗೆಯಬೇಕು, ಪಾರ್ಟ್ ನಂಬರ್ ಕೊನೆಯ ಅಕ್ಷರದವರೆಗೂ ತಾಳೆ ನೋಡಬೇಕು. ಕೆಲವು ಗಾಡಿಗಳಲ್ಲಿ, ಅದರಲ್ಲೂ ಡ್ಯುಯಲ್ ಕ್ಲಚ್ ಇದ್ದರೆ, ಟಿಸಿಎಂ ಗೇರ್‌ಬಾಕ್ಸಿನ ಮೆಕಾಟ್ರಾನಿಕ್ ಭಾಗದ (ವಾಲ್ವ್, ಸೆನ್ಸರ್ ಎಲ್ಲ ಒಟ್ಟಿಗಿರುವ ಕಟ್ಟು) ಜೊತೆಗೇ ಇರುತ್ತದೆ. ಅದಕ್ಕೆ ಮನೆಯಲ್ಲಿ ಕೈ ಹಾಕಬೇಡಿ.

ದೊಡ್ಡ ಕೆಲಸ ಆಮೇಲಿನದು. ಬಹುತೇಕ ಹೊಸ ಪೆಟ್ಟಿಗೆಗೆ ನಿಮ್ಮ ಗಾಡಿಯ ಸಾಫ್ಟ್‌ವೇರ್, ಚಾಸಿ ನಂಬರ್ ಬರೆಯಬೇಕು. ಗುಜರಿಯಿಂದ ತಂದ ಪೆಟ್ಟಿಗೆಯಲ್ಲಿ ಇನ್ನೊಂದು ಗಾಡಿಯ ನಂಬರ್ ಇರುತ್ತದೆ. ಕೆಲವಕ್ಕೆ ಮತ್ತೆ ಬರೆಯೋಕೇ ಆಗಲ್ಲ, ಗಾಡಿ ಸ್ಟಾರ್ಟೂ ಆಗದೆ ಇರಬಹುದು. ಬರೆದು ಕೊಡುತ್ತೀರಾ ಅಂತ ಮೊದಲೇ ಕೇಳಿ, ಆಮೇಲೆ ದುಡ್ಡು ಎಣಿಸಿ. ಬರೆಯುವಾಗ ಬ್ಯಾಟರಿಗೆ ಸಪೋರ್ಟ್ ಚಾರ್ಜರ್ ಇರಲೇಬೇಕು, ನಡುವೆ ವೋಲ್ಟೇಜ್ ಬಿದ್ದರೆ ಹೊಸ ಪೆಟ್ಟಿಗೆಯೂ ಕೆಟ್ಟಂತೆ. ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲದ ಊರಲ್ಲಿ ಆ ಚಾರ್ಜರ್‌ಗೆ ಇನ್ವರ್ಟರ್ ಇದೆಯಾ ಅಂತಲೂ ನೋಡಿ. ಕೊನೆಗೆ ಕಲಿಕೆ, ಅಂದರೆ ಹೊಸ ಪೆಟ್ಟಿಗೆ ನಿಮ್ಮ ಗೇರ್‌ಬಾಕ್ಸಿನ ಗುಣ ಕಲಿಯೋದು. ಆಯಿಲ್ ಹದವಾಗಿ ಕಾದ ಮೇಲೆ ರಿಂಗ್ ರೋಡಿನಂಥ ಖುಲ್ಲಾ ರಸ್ತೆಯಲ್ಲಿ ನಿಧಾನವಾಗಿ ಎಲ್ಲ ಗೇರು ಏರಿಸಿ ಇಳಿಸಿ ಓಡಿಸಬೇಕು. ಮೊದಮೊದಲು ಸ್ವಲ್ಪ ಜಗ್ಗಿದಂತಾದರೆ ಗಾಬರಿ ಬೇಡ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮ ದೇಶಕ್ಕೆ ಬಂದ ಎಎಂಟಿ (ಮ್ಯಾನ್ಯುವಲ್ ಗೇರ್‌ಬಾಕ್ಸನ್ನೇ ಕಂಪ್ಯೂಟರ್ ನಡೆಸುವ) ಥರದ ಗಾಡಿ ಇರುವವರು ಸ್ಕ್ಯಾನರ್‌ನಿಂದ ಕ್ಲಚ್ ಹಿಡಿಯುವ ಬಿಂದುವನ್ನೂ ಕಲಿಸಬೇಕು. ಅದು ಬಿಟ್ಟರೆ ಹೊಸ ಪೆಟ್ಟಿಗೆ ಹಾಕಿಯೂ ಗಾಡಿ ಗುದ್ದುತ್ತದೆ.

ಅಲ್ಲಿಯವರೆಗೆ ಗೇರು ಮೂರರಲ್ಲಿ ನಿಂತಾಗ ಜೋರಾಗಿ ಒತ್ತಬೇಡಿ, ಮೂರರಲ್ಲೇ ಎಳೆದರೆ ಆಯಿಲ್ ಬೇಗ ಕಾಯುತ್ತದೆ. ಇನ್ನು, ಪೆಟ್ಟಿಗೆ ಬದಲಿಸಿದರೂ ಹಳೆಯದನ್ನು ವಾಪಸ್ ಕೇಳಿ ಇಸ್ಕೊಳ್ಳಿ. ರೋಗ ಮತ್ತೆ ಬಂದರೆ ತಪ್ಪು ಅದರದ್ದಲ್ಲ ಅಂತ ಗೊತ್ತಾಗುತ್ತದೆ, ಆಗ ಅದೇ ಪೆಟ್ಟಿಗೆ ನಿಮ್ಮ ಗಾಡಿಗೆ ವಾಪಸ್ ಕೂರುತ್ತದೆ.