ಇನ್ಸುಲಿನ್ ಇದೆ, ಕೇಳುವವರಿಲ್ಲ

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ರಕ್ತದ ಸಕ್ಕರೆ ಇಳಿಸುವ ಹಾರ್ಮೋನು ಇನ್ಸುಲಿನ್ ಸಿಕ್ಕಿತು. ಮರುವರ್ಷ ಜನವರಿಯಲ್ಲಿ ಸಕ್ಕರೆ ಕಾಯಿಲೆಯಿದ್ದ 14 ವರ್ಷದ ಹುಡುಗನೊಬ್ಬನಿಗೆ ಅದನ್ನು ಚುಚ್ಚಿದರು. ಮೊದಲ ಸಲ ಅಷ್ಟಾಗಿ ಫಲ ಸಿಗಲಿಲ್ಲ. ಇನ್ನಷ್ಟು ಶುದ್ಧ ಮಾಡಿ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಸಕ್ಕರೆ ಕಾಯಿಲೆ ಅಂದರೆ ಇನ್ಸುಲಿನ್ ಕೊರತೆ, ಇಲ್ಲದ್ದನ್ನು ಕೊಟ್ಟರೆ ಆಯಿತು. ಲೆಕ್ಕ ಸರಳವಾಗಿತ್ತು ಅಲ್ವಾ?

ಈ ಲೆಕ್ಕದಲ್ಲೇ ತಪ್ಪಿದೆ ಎಂದು ತೋರಿಸಿದವರು ಲಂಡನ್ನಿನ ವೈದ್ಯ ಹೆರಾಲ್ಡ್ ಹಿಮ್ಸ್‌ವರ್ತ್. ಅವರು ರೋಗಿಗಳಿಗೆ ಗ್ಲೂಕೋಸ್ ಕುಡಿಸಿ, ಜೊತೆಗೇ ಇನ್ಸುಲಿನ್ ಚುಚ್ಚಿ, ರಕ್ತದ ಸಕ್ಕರೆ ನೋಡುತ್ತಿದ್ದರು. ಕೆಲವರಲ್ಲಿ ಸಕ್ಕರೆ ಹತೋಟಿಯಲ್ಲಿರುತ್ತಿತ್ತು. ಉಳಿದವರಲ್ಲಿ ಇನ್ಸುಲಿನ್ ಕೊಟ್ಟೇ ಇಲ್ಲವೇನೋ ಎಂಬಂತೆ ಏರುತ್ತಿತ್ತು. ಅಂದರೆ ಎರಡನೇ ಗುಂಪಿನವರ ದೇಹ ಇನ್ಸುಲಿನ್ ಮಾತನ್ನು ಸರಿಯಾಗಿ ಕೇಳುತ್ತಿಲ್ಲ. 1936ರಲ್ಲೇ ಇದು ಅಚ್ಚಾಯಿತು. ಆದರೆ ಆಗ ರಕ್ತದಲ್ಲಿರುವ ಇನ್ಸುಲಿನ್ ಅಳೆಯುವ ನಂಬುವಂಥ ದಾರಿಯೇ ಇರಲಿಲ್ಲ. ಅಳೆಯಲಾಗದ್ದನ್ನು ಒಪ್ಪಿಸುವುದು ಕಷ್ಟ.

ದಾರಿ ಸಿಕ್ಕಿದ್ದು ನ್ಯೂಯಾರ್ಕ್‌ನಲ್ಲಿ. ಭೌತವಿಜ್ಞಾನ ಓದಿದ್ದ ರೋಸಲಿನ್ ಯಾಲೋ, ವೈದ್ಯ ಸಾಲೊಮನ್ ಬರ್ಸನ್ ಸೇರಿ ವಿಕಿರಣ ಬಳಸಿ ಇನ್ಸುಲಿನ್ ಅಳೆದರು. (ಇದಕ್ಕೆ ತಳಪಾಯವಾದ ಅವರ ಲೇಖನವನ್ನು ಪತ್ರಿಕೆಯೊಂದು ಮೊದಲು ವಾಪಸ್ ಕಳಿಸಿತ್ತು. 1977ರಲ್ಲಿ ನೊಬೆಲ್ ಬಂದಾಗ ಯಾಲೋ ತಮ್ಮ ಭಾಷಣದಲ್ಲಿ ಆ ಪತ್ರವನ್ನೇ ತೋರಿಸಿದರು. ನನಗಂತೂ ಇದು ಬಹಳ ಇಷ್ಟ.) ಅಳೆದು ನೋಡಿದರೆ, ದೊಡ್ಡ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂದ ಎಷ್ಟೋ ಜನರಲ್ಲಿ ಇನ್ಸುಲಿನ್ ಕಡಿಮೆ ಇರಲಿಲ್ಲ, ಜಾಸ್ತಿಯೇ ಇತ್ತು! ಜೀವಕೋಶಗಳು ಕಿವಿಗೊಡದಿದ್ದಾಗ ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿ ಇನ್ನೂ ಜೋರಾಗಿ ಕೂಗುತ್ತದೆ, ಅಂದರೆ ಇನ್ನೂ ಹೆಚ್ಚು ಇನ್ಸುಲಿನ್ ಸುರಿಸುತ್ತದೆ. ವರ್ಷಗಟ್ಟಲೆ ಕೂಗಿ ಸುಸ್ತಾದ ಮೇಲೆ ಸಕ್ಕರೆ ಏರುತ್ತದೆ.

ಇದರಲ್ಲಿ ಬೊಜ್ಜಿನ ಪಾತ್ರವೇನು? 1947ರಲ್ಲೇ ಫ್ರಾನ್ಸಿನ ಮಾರ್ಸೇ ನಗರದ ವೈದ್ಯ ಜಾನ್ ವಾಗ್ ಒಂದು ವಿಷಯ ಗಮನಿಸಿದ್ದರು. ತೊಡೆ, ಸೊಂಟದ ಕೆಳಗೆ ಕೊಬ್ಬು ಕೂತವರಿಗಿಂತ ದೇಹದ ಮೇಲ್ಭಾಗದಲ್ಲಿ ಕೂತವರಿಗೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಜಾಸ್ತಿ. ಇದನ್ನು ಜಗತ್ತು ಗಂಭೀರವಾಗಿ ತೆಗೆದುಕೊಂಡಿದ್ದು 1980ರ ದಶಕದಲ್ಲಿ. ಅಷ್ಟರವರೆಗೆ ತೂಕದ ಯಂತ್ರವೇ ತೀರ್ಪುಗಾರ. ಹೊಟ್ಟೆಯ ಸುತ್ತಳತೆಗೆ ಒಂದು ಟೇಪ್ ಸಾಕಿತ್ತು, ನೋಡಿ.

1988ರಲ್ಲಿ ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ ಹರಿದು ಹಂಚಿಹೋಗಿದ್ದ ತುಂಡುಗಳನ್ನು ಜೋಡಿಸಿದರು. ಏರಿದ ಬಿಪಿ, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು), ಕಡಿಮೆಯಾದ ಒಳ್ಳೆಯ ಕೊಲೆಸ್ಟ್ರಾಲ್, ಸಕ್ಕರೆಯ ಏರುಪೇರು ಇವೆಲ್ಲ ಒಟ್ಟೊಟ್ಟಿಗೆ ಬರುತ್ತವೆ, ಹಿಂದೆ ಇರುವುದು ಇನ್ಸುಲಿನ್ ಪ್ರತಿರೋಧ, ಅಂದರೆ ದೇಹ ಇನ್ಸುಲಿನ್ ಮಾತು ಕೇಳದಿರುವುದು ಎಂದರು. ಹೆಸರು ಸಿಂಡ್ರೋಮ್ ಎಕ್ಸ್. ಬೊಜ್ಜನ್ನು ಅವರು ಆ ಪಟ್ಟಿಗೆ ಸೇರಿಸಿರಲಿಲ್ಲ. ದಪ್ಪಗಿಲ್ಲದವರಲ್ಲೂ ಪ್ರತಿರೋಧ ಕಂಡಿದ್ದರು.

ಲಿಪೊಡಿಸ್ಟ್ರೊಫಿ ಎಂಬ ಅಪರೂಪದ ಕಾಯಿಲೆ ಈ ಗೊಂದಲ ಬಿಡಿಸಲು ನೆರವಾಗುತ್ತದೆ. ಅದು ಬಂದವರಲ್ಲಿ ಚರ್ಮದಡಿಯ ಕೊಬ್ಬು ತೀರಾ ಕಡಿಮೆ, ಕೆಲವರಲ್ಲಿ ಇಲ್ಲವೇ ಇಲ್ಲ. ಆದರೂ ಇನ್ಸುಲಿನ್ ಪ್ರತಿರೋಧ ವಿಪರೀತ. ಏಕೆಂದರೆ ಕೊಬ್ಬಿಗೆ ಉಗ್ರಾಣವಿಲ್ಲ, ಅದು ಲಿವರ್‌ಗೂ ಸ್ನಾಯುಗಳಿಗೂ ನುಗ್ಗುತ್ತದೆ. ಬೊಜ್ಜಿನಲ್ಲೂ ಸುಮಾರಾಗಿ ಇದೇ ಕಥೆ: ಉಗ್ರಾಣ ತುಂಬಿ ಹೊರಗೆ ಚೆಲ್ಲುತ್ತದೆ. ಉಗ್ರಾಣ ಎಷ್ಟು ದೊಡ್ಡದು ಎನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ.

ಹಾಗಾದರೆ ಚೆಲ್ಲಿದ್ದನ್ನು ಖಾಲಿ ಮಾಡಬಹುದಾ? 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 3,234 ಜನರ ಫಲಿತಾಂಶ ಪ್ರಕಟಿಸಿತು. ಅವರಲ್ಲಿ ಒಂದು ಗುಂಪಿಗೆ ತೂಕದಲ್ಲಿ ಶೇ. 7ರಷ್ಟು ಇಳಿಕೆ, ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ, ಇಷ್ಟೇ ಗುರಿ. ಹುಸಿ ಮಾತ್ರೆ ತೆಗೆದುಕೊಂಡವರಿಗೆ ಹೋಲಿಸಿದರೆ ಆ ಗುಂಪಿನಲ್ಲಿ ಹೊಸದಾಗಿ ಕಾಯಿಲೆ ಬರುವುದು ಶೇ. 58ರಷ್ಟು ಕಡಿಮೆಯಾಯಿತು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 31ರಷ್ಟು.

ಬ್ರಿಟನ್ನಿನ ಡೈರೆಕ್ಟ್ ಅಧ್ಯಯನ ಇನ್ನೂ ಮುಂದೆ ಹೋಯಿತು. ಕಾಯಿಲೆ ಬಂದು 6 ವರ್ಷದೊಳಗಿನವರಿಗೆ ಕೆಲವು ತಿಂಗಳು ತೀರಾ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟರು. ವರ್ಷದ ಕೊನೆಗೆ ಶೇ. 46 ಜನರ ಸಕ್ಕರೆ ಔಷಧಿಯಿಲ್ಲದೆಯೇ ಕಾಯಿಲೆಯ ಗೆರೆಗಿಂತ ಕೆಳಗಿತ್ತು. ಎರಡು ವರ್ಷಕ್ಕೆ ಆ ಸಂಖ್ಯೆ ಶೇ. 36ಕ್ಕೆ ಇಳಿಯಿತು. ಕಾಯಿಲೆ ಮರಳಿದವರಲ್ಲಿ ತೂಕವೂ ಹೆಚ್ಚು ಮರಳಿತ್ತು.