ದರ್ಶನವಾಯಿತು ಎಂಬುದು ದೇವರಿಗೆ ಪ್ರಮಾಣವೇ?

ಈ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಅನುಭವವಾದವರು ಅದನ್ನೇ ಆಧಾರವಾಗಿಟ್ಟುಕೊಂಡು ದೇವರನ್ನು ನಂಬಬಹುದೇ ಎಂಬುದು ಒಂದು. ಅವರ ಮಾತು ಕೇಳಿ ಉಳಿದವರೂ ನಂಬಬೇಕೇ ಎಂಬುದು ಇನ್ನೊಂದು. ಪರೀಕ್ಷೆಯ ಉತ್ತರಗಳಲ್ಲಿ ಇವೆರಡೂ ಕಲಸಿಹೋಗುವುದೇ ಹೆಚ್ಚು. ಅಮೆರಿಕದ ತತ್ತ್ವಜ್ಞ, ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1902ರಲ್ಲೇ ಇವನ್ನು ಬೇರೆಮಾಡಿ ತೋರಿಸಿದ್ದರು: ಅನುಭಾವಕ್ಕೆ ಅದು ಆದವರ ಮೇಲೆ ಅಧಿಕಾರವಿದೆ, ಹೊರಗಿನವರು ಅದನ್ನು ವಿಮರ್ಶಿಸದೆ ಒಪ್ಪಬೇಕಾಗಿಲ್ಲ. ಅವರು ಹೇಳಿದ ನಾಲ್ಕು ಲಕ್ಷಣಗಳಲ್ಲಿ (ಮಾತಿಗೆ ಸಿಗದಿರುವುದು, ಅರಿವು ಕೊಟ್ಟಂತೆ ತೋರುವುದು, ಕ್ಷಣಿಕತೆ, ತಾನಾಗಿ ಬಂದು ಆವರಿಸುವುದು) ನಮಗೆ ಮುಖ್ಯವಾದುದು ಎರಡನೆಯದು. ಬರೀ ಆನಂದವೋ ಭಯವೋ ಯಾವುದಕ್ಕೂ ಪ್ರಮಾಣವಾಗದು.

ಆಸ್ತಿಕರ ಪರವಾದ ಗಟ್ಟಿ ವಾದ ಬ್ರಿಟಿಷ್ ತತ್ತ್ವಜ್ಞ ರಿಚರ್ಡ್ ಸ್ವಿನ್‌ಬರ್ನ್ 1979ರಲ್ಲಿ ಮಂಡಿಸಿದ್ದು. ಒಂದು ವಸ್ತು ಇದೆಯೆಂದು ನಮಗೆ ತೋರಿದರೆ, ಶಂಕಿಸಲು ವಿಶೇಷ ಕಾರಣ ಇಲ್ಲದಿರುವಾಗ, ಅದು ಇರುವ ಸಂಭವವೇ ಹೆಚ್ಚು. ಮರ ಕಂಡಾಗ ನಾವು ಮಾಡುವುದೂ ಇದನ್ನೇ. ಕಣ್ಣನ್ನು ನಂಬಲು ಮೊದಲು ಪುರಾವೆ ಬೇಕೆಂದು ಹಟ ಹಿಡಿದರೆ, ಆ ಪುರಾವೆಯನ್ನೂ ಕಣ್ಣಿನಿಂದಲೇ ನೋಡಬೇಕಾಗುತ್ತದೆ.

ವೇದವಾಕ್ಯಗಳ ಅರ್ಥವನ್ನು ವಿಚಾರಿಸುವ ಮೀಮಾಂಸಾಶಾಸ್ತ್ರ ಓದಿದವರಿಗೆ ಇದು ಹೊಸದೆನಿಸದು. ಆ ಶಾಸ್ತ್ರದ ಆಚಾರ್ಯ ಕುಮಾರಿಲ ಭಟ್ಟ ಹೇಳಿದ ಸ್ವತಃಪ್ರಾಮಾಣ್ಯ ಇದಕ್ಕೆ ತೀರ ಹತ್ತಿರದ್ದು: ಜ್ಞಾನ ತಾನಾಗಿಯೇ ಪ್ರಮಾಣ, ಅದು ಹುಟ್ಟಿದ ಕಾರಣದಲ್ಲಿ ದೋಷ ಕಂಡರೆ, ಇಲ್ಲವೇ ಬೇರೊಂದು ಜ್ಞಾನ ಅದನ್ನು ಬಾಧಿಸಿದರೆ ಮಾತ್ರ ಬಿದ್ದುಹೋಗುತ್ತದೆ. ಸ್ವಾರಸ್ಯ ಇರುವುದು ಮುಂದೆ. ಇದೇ ಕುಮಾರಿಲ ಸೃಷ್ಟಿಕರ್ತ ಈಶ್ವರನನ್ನೂ ಒಪ್ಪಲಿಲ್ಲ, ಯೋಗಿಪ್ರತ್ಯಕ್ಷವನ್ನೂ (ಯೋಗಿಗಳು ಇಂದ್ರಿಯಕ್ಕೆ ಮೀರಿದ್ದನ್ನು ನೇರವಾಗಿ ಕಾಣುತ್ತಾರೆಂಬುದನ್ನು) ಒಪ್ಪಲಿಲ್ಲ. ಇಂದ್ರಿಯಕ್ಕೆ ತಾಗಿದ, ಈಗ ಎದುರಿಗಿರುವ ವಸ್ತುವಿನದಷ್ಟೇ ಪ್ರತ್ಯಕ್ಷ ಎಂಬುದು ಅವನ ನಿಲುವು. ಈಶ್ವರನನ್ನು ಒಪ್ಪಿದ ನೈಯಾಯಿಕರಾದರೋ (ನ್ಯಾಯ ಎಂಬ ತರ್ಕಶಾಸ್ತ್ರದವರು) ಪರತಃಪ್ರಾಮಾಣ್ಯದವರು: ಜ್ಞಾನ ಪ್ರಮಾಣವೆಂದು ಬೇರೊಂದು ಆಧಾರದಿಂದ ತಿಳಿಯಬೇಕು ಎನ್ನುವವರು. ಅವರಲ್ಲೊಬ್ಬನಾದ ಉದಯನ ಈಶ್ವರನನ್ನು ಸಾಧಿಸಹೊರಟದ್ದು ಮುಖ್ಯವಾಗಿ ಅನುಮಾನದಿಂದ, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವುದರಿಂದ. 'ತೋರಿದ್ದನ್ನು ನಂಬು' ಎಂಬ ನಿಯಮ ಒಂದೇ ನಮ್ಮನ್ನು ದೇವರವರೆಗೆ ಒಯ್ಯದು ಎಂಬುದು ಇಲ್ಲೇ ಕಾಣುತ್ತದೆ.

ಇನ್ನು ಕುಮಾರಿಲ ಹೇಳಿದ ಎರಡು ಅಡ್ಡಿಗಳಲ್ಲಿ ಮೊದಲನೆಯದಾದ ಕಾರಣದೋಷ. 1962ರಲ್ಲಿ ಬಾಸ್ಟನ್‌ನಲ್ಲಿ ವಾಲ್ಟರ್ ಪಾಂಕೆ 20 ಮಂದಿ ದೇವತಾಶಾಸ್ತ್ರದ ವಿದ್ಯಾರ್ಥಿಗಳಲ್ಲಿ ಅರ್ಧ ಜನಕ್ಕೆ ಸಿಲೋಸೈಬಿನ್ ಎಂಬ ಭ್ರಮಾಜನಕ ಔಷಧ ಕೊಟ್ಟರು; ತೆಗೆದುಕೊಂಡವರಲ್ಲಿ ಹೆಚ್ಚಿನವರು ಅನುಭಾವದಂಥ ಅನುಭವವನ್ನು ವರದಿ ಮಾಡಿದರು. 'ಹಾಗಾದರೆ ಎಲ್ಲ ಮಿದುಳಿನ ಆಟ' ಎನ್ನುವುದು ಅವಸರದ ಮಾತು. ಮರ ಕಂಡಾಗಲೂ ಮಿದುಳು ಕೆಲಸ ಮಾಡುತ್ತದೆ. ಆದರೆ ಮರ ಇಲ್ಲದಿದ್ದರೆ ಸಾಮಾನ್ಯವಾಗಿ ಮರ ಕಾಣುವುದಿಲ್ಲ. ದೇವರಿರಲಿ ಇಲ್ಲದಿರಲಿ, ಔಷಧದಿಂದ ಅದೇ ಅನುಭವ ಬರುವುದಾದರೆ ಅದು ಯಾವ ಪಕ್ಷಕ್ಕೆ ಸಾಕ್ಷಿ? ಎಲ್ಲ ಕಾರಣಗಳ ಹಿಂದೆಯೂ ದೇವರೇ ಇದ್ದಾನೆ ಎಂಬ ಉತ್ತರ ಇದೆ, ನಿಜ. ಸಾಧಿಸಬೇಕಾದುದನ್ನೇ ಅದು ಮೊದಲೇ ಒಪ್ಪಿಕೊಂಡಂತಾಯಿತು.

ಎರಡನೆಯದಾದ ಬಾಧಕಜ್ಞಾನದ್ದು, ಅಂದರೆ ಒಂದು ಅರಿವನ್ನು ಅಲ್ಲಗಳೆಯುವ ಇನ್ನೊಂದು ಅರಿವಿನದ್ದು, ಇನ್ನೂ ಕಠಿಣ. ಒಬ್ಬರಿಗೆ ಕರುಣಾಮಯಿ ವ್ಯಕ್ತಿರೂಪಿ ದೇವರು, ಇನ್ನೊಬ್ಬರಿಗೆ ನಿರ್ಗುಣ ಬ್ರಹ್ಮ, ಬೌದ್ಧ ಸಾಧಕರಿಗೆ ಅನಾತ್ಮದ, ಅಂದರೆ ಸ್ಥಿರವಾದ ಆತ್ಮವಿಲ್ಲ ಎಂಬ, ಅರಿವು. ವಿಲಿಯಂ ಆಲ್‌ಸ್ಟನ್ 1991ರಲ್ಲಿ ಇದನ್ನು, ಅನುಭಾವವೂ ಇಂದ್ರಿಯಜ್ಞಾನದಂತೆ ನಂಬಿಕೆಗೆ ಆಧಾರವಾಗಬಲ್ಲದು ಎಂಬ ತಮ್ಮ ಸಿದ್ಧಾಂತಕ್ಕಿರುವ ದೊಡ್ಡ ತೊಡಕೆಂದು ಒಪ್ಪಿಕೊಂಡೇ, ಪ್ರತಿಯೊಬ್ಬರೂ ತಮ್ಮ ಸಾಧನಾಪರಂಪರೆಯಲ್ಲಿ ಉಳಿಯುವುದು ವಿವೇಕವೇ ಎಂದರು. ಇಂದ್ರಿಯಜ್ಞಾನದ ಅಳತೆಗೋಲನ್ನು ಅನುಭಾವದ ಮೇಲೆ ಹೇರಬಾರದು ಎಂಬ ಅವರ ಮಾತಿನಲ್ಲಿ ಹುರುಳಿದೆ. ಆದರೆ ಪರಂಪರೆಯೊಳಗಿನ ಪರೀಕ್ಷೆ ಅದೇ ಪರಂಪರೆಯ ನಂಬಿಕೆಗಳನ್ನೇ ನೆಚ್ಚುತ್ತದೆ. ಎರಡು ಪರಂಪರೆಗಳ ನಡುವಿನ ವ್ಯಾಜ್ಯವನ್ನು ಅದು ತೀರಿಸದು.

ನನಗೆ ಒಪ್ಪಿಗೆಯಾಗುವುದು ಇಷ್ಟು: ಅನುಭವ ಆದವರು 'ನನ್ನನ್ನು ಮೀರಿದ್ದೇನೋ ಇದೆ' ಎಂದು ನಂಬಿದರೆ ಅದು ಅವಿವೇಕವಲ್ಲ. 'ಅದು ಸರ್ವಶಕ್ತ, ಸರ್ವಜ್ಞ' ಎಂಬುದು ಮಾತ್ರ ಅನುಭವದಲ್ಲಿ ಸಿಕ್ಕದ್ದಲ್ಲ, ಮೊದಲೇ ಇದ್ದ ನಂಬಿಕೆಯಿಂದ ಬಂದು ಸೇರಿಕೊಂಡದ್ದು. ಸರ್ವಶಕ್ತಿ ಒಂದು ಕ್ಷಣದ ನೋಟದಲ್ಲಿ ಹೇಗೆ ತಾನೇ ಕಂಡೀತು? ಸ್ವಿನ್‌ಬರ್ನ್ ಕೂಡ ಅನುಭವವನ್ನು ಒಂಟಿಯಾಗಿ ನಿಲ್ಲಿಸದೆ, ದೇವರ ಪರವಾದ ಉಳಿದ ವಾದಗಳೆಲ್ಲ ಮುಗಿದ ಮೇಲೆ ಅವುಗಳ ಜೊತೆಗಿಟ್ಟು ತೂಗುತ್ತಾರೆ. ಆ ವಾದಗಳಲ್ಲಿ ಏನೂ ತಿರುಳಿಲ್ಲ ಎಂದುಕೊಂಡವರಿಗೆ ಅನುಭವದ ತೂಕವೂ ಕಡಿಮೆಯೇ ಎನಿಸುತ್ತದೆ.