ಪದ ಪರಿಚಯ: ಸ್ಮಾರಕ ನಿಧಿ, ಗೌರವ ನಿಧಿ – ಮೀನುಗಾರಿಕೆಯ ಹಿರಿಯರ ಹೆಸರಲ್ಲಿ ಇಡುವ ಹಣ

ನಮ್ಮ ಕರಾವಳಿಯ ಹಳೆಯ ಶಾಲೆಗಳ ಗೋಡೆಯಲ್ಲಿ ದತ್ತಿ ಬಹುಮಾನಗಳ ಬೋರ್ಡ್ ನೋಡಿರುತ್ತೀರಿ. ಯಾರ ಹೆಸರಲ್ಲಿ, ಎಷ್ಟು ಹಣ, ಯಾವ ಮಗುವಿಗೆ ಬಹುಮಾನ, ಎಲ್ಲ ಅದರಲ್ಲಿ ಬರೆದಿರುತ್ತದೆ. ಸ್ಮಾರಕ ನಿಧಿ ಎಂದರೆ ಮೂಲದಲ್ಲಿ ಅಷ್ಟೇ. ತೀರಿಹೋದ ಒಬ್ಬರ ನೆನಪಿಗಾಗಿ ಒಂದು ಮೊತ್ತವನ್ನು ಒಂದು ಸಂಸ್ಥೆಯ ಕೈಗೆ ಕೊಡುವುದು. ಅದನ್ನು ಯಾವ ಕೆಲಸಕ್ಕೆ ಬಳಸಬೇಕು ಎಂದು ಮೊದಲೇ ಹೇಳಿಬಿಡುವುದು. ಗೌರವ ನಿಧಿ ಇದರ ಜೊತೆಗಾರ. ವ್ಯಕ್ತಿ ಇನ್ನೂ ನಮ್ಮ ನಡುವೆ ಇರುವಾಗಲೇ, ನಿವೃತ್ತಿಗೋ ಎಪ್ಪತ್ತೈದರ ಹುಟ್ಟುಹಬ್ಬಕ್ಕೋ ಅವರ ಹೆಸರಲ್ಲಿ ಇಡುವ ಹಣ ಅದು.

ಇದನ್ನು ಹಮ್ಮಿಣಿಯ ಜೊತೆ ಕಲಸಬಾರದು. ಯಕ್ಷಗಾನ ಕಲಾವಿದರಿಗೆ ವೇದಿಕೆಯಲ್ಲಿ ಕೊಡುವ ಹಮ್ಮಿಣಿ ಅವರ ಕೈಗೇ ಹೋಗುತ್ತದೆ, ಅವರ ಖರ್ಚಿಗೇ ಆಗುತ್ತದೆ. ಅದೂ ಒಳ್ಳೆಯದೇ. ಗೌರವ ನಿಧಿಯಲ್ಲಿ ಹೆಸರು ಮಾತ್ರ ಅವರದು, ಹಣ ಬೇರೆಯವರಿಗೆ. ದೋಣಿ ದುರಂತದ ನಂತರ ಮನೆಯವರಿಗೆ ಸರಕಾರ ಕೊಡುವ ಸಂಕಷ್ಟ ಪರಿಹಾರವೂ ಬೇರೆ. ಅದು ಆ ಹೊತ್ತಿನ ಕಷ್ಟಕ್ಕೆ ಸಿಗುವ ನೆರವು.

ಸೀಫುಡ್ ಉದ್ಯಮದಲ್ಲಿ ಈ ಪದ್ಧತಿ ಎದ್ದು ಕಾಣುವುದು ಅಮೆರಿಕದಲ್ಲಿ. ಅಲ್ಲಿ ಸೀಫುಡ್ ಇಂಡಸ್ಟ್ರಿ ರಿಸರ್ಚ್ ಫಂಡ್ ಎಂಬ ನಿಧಿ ಇದೆ. 1964ರಲ್ಲಿ ಫಿಶರೀಸ್ ಸ್ಕಾಲರ್‌ಶಿಪ್ ಫಂಡ್ ಎಂಬ ಹೆಸರಲ್ಲಿ ಶುರುವಾದದ್ದು. ಉದ್ಯಮದ ಹಿರಿಯರೊಬ್ಬರು ತೀರಿಕೊಂಡಾಗ ಅಥವಾ ನಿವೃತ್ತರಾದಾಗ, ಜೊತೆಗೆ ವ್ಯಾಪಾರ ಮಾಡಿದವರು ಅವರ ಹೆಸರಲ್ಲಿ ಇಂಥ ನಿಧಿಗೆ ಹಣ ಕಳಿಸುತ್ತಾರೆ. ಆ ಹಣ ಮೀನಿನ ಸುರಕ್ಷತೆ, ಗುಣಮಟ್ಟ ಮುಂತಾದ ಸಂಶೋಧನೆಗೆ ಹೋಗುತ್ತದೆ. ನಿಧಿಯವರು ಮನೆಯವರಿಗೆ ಒಂದು ಪತ್ರ ಬರೆದು, ಇಂಥವರು ನಿಮ್ಮವರ ನೆನಪಿಗೆ ಕೊಟ್ಟಿದ್ದಾರೆ ಎಂದು ತಿಳಿಸುವುದು ವಾಡಿಕೆ.

ನಮ್ಮಲ್ಲಿ ಬೊಜ್ಜದ (ಉತ್ತರಕ್ರಿಯೆಯ) ದಿನ ಊಟ ಹಾಕುತ್ತೇವೆ, ನುಡಿನಮನ ಇಡುತ್ತೇವೆ, ಪೇಪರಿನಲ್ಲಿ ಫೋಟೋ ಹಾಕಿಸುತ್ತೇವೆ. ಬಂದರಿನಲ್ಲಿ ಒಂದು ಫ್ಲೆಕ್ಸ್ ಕೂಡ ಬೀಳುತ್ತದೆ. ಇದರ ಪಕ್ಕದಲ್ಲೇ ಒಂದು ನಿಧಿಯನ್ನೂ ಇಡಬಹುದಲ್ವಾ? ಉಡುಪಿಯವರಿಗೆ ಇದು ಹೊಸತೇನಲ್ಲ. 1975ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗ ವರ್ಷವರ್ಷ ಕಲಾವಿದರಿಗೆ ಕೊಡುವ ಪ್ರಶಸ್ತಿಗಳ ಪಟ್ಟಿ ನೋಡಿ. ಹೆಚ್ಚಿನವು ಒಬ್ಬೊಬ್ಬ ಹಿರಿಯರ ನೆನಪಿನವು. ಅದೇ ಸಂಸ್ಥೆಯ ವಿದ್ಯಾಪೋಷಕ್ ಯೋಜನೆ ಬಡ ಮಕ್ಕಳ ಓದಿಗೆ ನೆರವಾಗುತ್ತಿದೆ. ಕಲೆಗೆ ಇಷ್ಟು ಚೆಂದವಾಗಿ ಮಾಡಿದ ಊರು ಮೀನುಗಾರಿಕೆಗೂ ಮಾಡಬಲ್ಲದು.

ಈಗ ಹಣದ ಲೆಕ್ಕಕ್ಕೆ ಬರೋಣ. ಇಡೀ ವಿಷಯದ ಜೀವ ಇರುವುದು ಇಲ್ಲೇ.

ಇಂಥ ನಿಧಿ ಎರಡು ಬಗೆಯಲ್ಲಿ ನಡೆಯುತ್ತದೆ. ಒಂದು, ಬಂದ ಹಣವನ್ನು ಒಂದೆರಡು ವರ್ಷದಲ್ಲೇ ಪೂರ್ತಿ ಖರ್ಚು ಮಾಡುವುದು. ಇನ್ನೊಂದು, ಅಸಲನ್ನು ಮುಟ್ಟದೆ ಬಡ್ಡಿಯಿಂದ ಮಾತ್ರ ಕೆಲಸ ನಡೆಸುವುದು. ಈ ಮುಟ್ಟದ ಅಸಲಿಗೆ ಇಡುಗಂಟು ಅನ್ನುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಮೀನು ಮರಿ ಮಾಡಲಿ ಅಂತ ಬಿಡುತ್ತೇವೆ. ಇಡುಗಂಟನ್ನು ಮುಟ್ಟದಿರುವುದೂ ಅಂಥದ್ದೇ.

ಒಂದು ಉದಾಹರಣೆ ನೋಡಿ. ಒಬ್ಬ ಹಿರಿಯರ ಹೆಸರಲ್ಲಿ 5 ಲಕ್ಷ ರೂಪಾಯಿ ಕೂಡಿತು ಅಂದುಕೊಳ್ಳೋಣ. ಬ್ಯಾಂಕಿನ ನಿರಖು ಠೇವಣಿಯಲ್ಲಿ ನೂರಕ್ಕೆ ಆರೂವರೆ ಸಿಕ್ಕಿದರೆ ವರ್ಷಕ್ಕೆ 32,500 ರೂಪಾಯಿ. ಅಷ್ಟನ್ನೂ ಹಂಚಿಬಿಡಬೇಕು ಅಂತ ಎಲ್ಲರಿಗೂ ಅನಿಸುತ್ತದೆ. ಹಾಗೆ ಮಾಡಬಾರದು. 22,500 ಕೊಟ್ಟು 10,000 ರೂಪಾಯಿಯನ್ನು ಮತ್ತೆ ಅಸಲಿಗೆ ಸೇರಿಸಬೇಕು. ಇಲ್ಲದಿದ್ದರೆ ಇಪ್ಪತ್ತು ವರ್ಷ ಕಳೆದ ಮೇಲೆ 5 ಲಕ್ಷ 5 ಲಕ್ಷವೇ ಆಗಿರುತ್ತದೆ, ಅದರ ಬೆಲೆ ಮಾತ್ರ ಇಳಿದಿರುತ್ತದೆ. ಹಳೆಯ ಶಾಲೆಗಳ ದತ್ತಿಗಳಿಗೆ ಆದದ್ದೇ ಇದು. ಆಗ ಸಾವಿರ ರೂಪಾಯಿ ಅಂದರೆ ದೊಡ್ಡ ಮೊತ್ತ. ನೂರು ರೂಪಾಯಿ ಬಡ್ಡಿಗೆ ಒಂದು ಮಗುವಿನ ವರ್ಷದ ಪುಸ್ತಕ ಬರುತ್ತಿತ್ತು. ಈಗ ಆ ಬಡ್ಡಿಗೆ ಒಂದೆರಡು ನೋಟ್‌ಬುಕ್ ಬಂದರೆ ಹೆಚ್ಚು. ಕೊಟ್ಟವರ ಮನಸ್ಸು ದೊಡ್ಡದೇ ಇತ್ತು, ಬಡ್ಡಿಯ ಒಂದು ಪಾಲನ್ನು ಅಸಲಿಗೆ ಸೇರಿಸುವ ಏರ್ಪಾಡು ಮಾತ್ರ ಇರಲಿಲ್ಲ.

ಹಣ ಯಾರ ಕೈಯಲ್ಲಿರಬೇಕು? ಮನೆಯವರ ಖಾತೆಯಲ್ಲಿ ಬೇಡ. ಮಕ್ಕಳ ಕಾಲಕ್ಕೆ ನಡೆದೀತು, ಮೊಮ್ಮಕ್ಕಳು ಮುಂಬೈಯಲ್ಲೋ ದುಬೈಯಲ್ಲೋ ಇರುತ್ತಾರೆ. ಕಾಲೇಜು, ನೋಂದಾಯಿತ ಟ್ರಸ್ಟ್, ಗಟ್ಟಿಯಾಗಿ ನಡೆಯುತ್ತಿರುವ ಮೀನುಗಾರರ ಸಹಕಾರಿ ಸಂಘ, ಇವು ಸರಿ. ಕೊಡುವಾಗ ಇದು ಇಡುಗಂಟಿಗೆ ಎಂದು ಬರವಣಿಗೆಯಲ್ಲೇ ಕೊಡಬೇಕು. ಟ್ರಸ್ಟಿನ ತೆರಿಗೆ ಲೆಕ್ಕಕ್ಕೂ ಆ ಬರವಣಿಗೆ ಬೇಕಾಗುತ್ತದೆ. ಹಣ ಕೊಟ್ಟವರಿಗೆ ಸಿಗುವ, ಎಲ್ಲರ ಬಾಯಲ್ಲಿ 80ಜಿ ಎಂದೇ ಇರುವ ತೆರಿಗೆ ವಿನಾಯಿತಿ ಬೇಕಿದ್ದರೆ ಸಂಸ್ಥೆಗೆ ಅದರ ಮಾನ್ಯತೆ ಇದೆಯೇ ಎಂದು ಮೊದಲು ಕೇಳಿ. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ಆ ವಿನಾಯಿತಿ ಸಿಗುವುದಿಲ್ಲ. ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕೊಡಿ.

ಇನ್ನು ಯಾವ ಕೆಲಸಕ್ಕೆ ಎಂಬುದು. ಮಂಗಳೂರಲ್ಲಿ ಇದಕ್ಕೆ ಹೇಳಿ ಮಾಡಿಸಿದ ಜಾಗ ಇದೆ. 1969ರಲ್ಲಿ ಶುರುವಾದ ಮೀನುಗಾರಿಕಾ ಕಾಲೇಜು ದೇಶದಲ್ಲೇ ಮೊದಲನೆಯದು. ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಇದೇ ಕಾಲೇಜಿನಲ್ಲಿ ಕೆಲಸ ಮಾಡಿದ ಸೂಕ್ಷ್ಮಜೀವಿ ತಜ್ಞ ಡಾ. ಇಡ್ಯಾ ಕರುಣಾಸಾಗರ್ ಮುಂದೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ಮೀನಿನ ಸುರಕ್ಷತೆಯ ವಿಷಯ ನೋಡಿಕೊಂಡವರು.

ಇಂಥ ಸಂಶೋಧನೆ ನಮ್ಮ ಬಂದರಿಗೆ ಎಷ್ಟು ಹತ್ತಿರದ್ದು ಎಂದು ಬಂಗುಡೆಯಿಂದಲೇ ಹೇಳಬಹುದು. ಬಂಗುಡೆ, ಕೇದರ (ಟ್ಯೂನಾ) ಇಂಥ ಮೀನನ್ನು ಹಿಡಿದ ಕೂಡಲೇ ಸಾಕಷ್ಟು ಐಸ್ ಹಾಕದಿದ್ದರೆ ಅದರೊಳಗೆ ಬ್ಯಾಕ್ಟೀರಿಯಾ ಬೆಳೆದು ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪಾಗಿ ತುರಿಕೆ, ತಲೆನೋವು ಬರುತ್ತದೆ. ಹೊರದೇಶಕ್ಕೆ ಹೋದ ಕಂಟೇನರಿನಲ್ಲಿ ಇದು ಮಿತಿ ಮೀರಿ ಕಂಡರೆ ಸರಕನ್ನು ತಿರಸ್ಕರಿಸುತ್ತಾರೆ. ನಷ್ಟ ರಫ್ತುದಾರನಿಂದ ಬೋಟಿನವನವರೆಗೂ ಇಳಿಯುತ್ತದೆ. ಬೋಟಿನಲ್ಲಿ ಐಸ್ ಎಷ್ಟು, ಹೇಗೆ ಹಾಕಬೇಕು ಎಂದು ಒಬ್ಬ ವಿದ್ಯಾರ್ಥಿ ಒಂದು ಋತು ಪೂರ್ತಿ ಅಳೆದು ನೋಡಲು ಕೋಟಿ ಬೇಕಾಗಿಲ್ಲ. ಒಂದು ಸಣ್ಣ ನಿಧಿಯ ಬಡ್ಡಿ ಅವನ ಓಡಾಟಕ್ಕೂ ಪರೀಕ್ಷೆಯ ಖರ್ಚಿಗೂ ಆಸರೆಯಾಗುತ್ತದೆ. ರಫ್ತು ಉದ್ಯಮವನ್ನು ಕಟ್ಟಿದ ಹಿರಿಯರೊಬ್ಬರ ಹೆಸರು ಆ ವರದಿಯ ಮೊದಲ ಪುಟದಲ್ಲಿದ್ದರೆ ಅದಕ್ಕಿಂತ ಒಳ್ಳೆ ಗೌರವ ನನಗೆ ತೋಚುವುದಿಲ್ಲ.

ಆದರೆ ಹಿರಿಯರು ಅಂದರೆ ಯಾರು? ರಫ್ತು ಕಂಪನಿ, ಐಸ್ ಪ್ಲಾಂಟ್, ಫಿಶ್‌ಮೀಲ್ ಫ್ಯಾಕ್ಟರಿ ಕಟ್ಟಿದವರು ಖಂಡಿತ ಹೌದು. ಎಷ್ಟೋ ಮನೆಗಳ ಅನ್ನ ಅವರಿಂದ ನಡೆದಿದೆ. ಅವರಷ್ಟೇ ಅಂದರೆ ನಾನು ಒಪ್ಪುವುದಿಲ್ಲ. ಕಲಾಸಿಗಳನ್ನೆಲ್ಲ, ಅಂದರೆ ಬೋಟಿನ ಕೆಲಸಗಾರರನ್ನೆಲ್ಲ, ಕರೆದುಕೊಂಡು ಆಳಸಮುದ್ರಕ್ಕೆ ಹೋಗಿ, ಗಾಳಿ ನೋಡಿ, ನೀರು ನೋಡಿ, ಎಲ್ಲರನ್ನೂ ಜೀವಂತ ವಾಪಸ್ ತರುವ ತಂಡೇಲ ನಾಯಕನಲ್ಲವೇ? ಬೆಳಗಿನ ಜಾವ ಬಂದರಿನ ದಕ್ಕೆಯ ಏಲಂನಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು ಮಾರಿ ಮಕ್ಕಳನ್ನು ಓದಿಸಿದ, ಜೊತೆಯ ಹೆಂಗಸರನ್ನು ಸೇರಿಸಿ ಸಂಘ ಕಟ್ಟಿದ ಮೀನು ಮಾರುವ ಅಮ್ಮ? ಸಿಗಡಿ ಸುಲಿಯುವ ಶೆಡ್ಡಿನಲ್ಲಿ ವರ್ಷಗಟ್ಟಲೆ ತಣ್ಣೀರಲ್ಲಿ ಕೈ ಇಟ್ಟವರು? ಉದ್ಯಮ ನಿಂತಿರುವುದು ಇವರ ಬೆನ್ನ ಮೇಲೂ ಹೌದು.

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟ್ ಏಳು ಜನರ ಸಮೇತ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ ಕಡಲಿನ ತಳದಲ್ಲಿ ಅದರ ಅವಶೇಷ ಸಿಕ್ಕಿತು. ಅಂಥವರ ನೆನಪಿಗೆ ನಿಧಿ ಇಡುವುದಾದರೆ ಅದರ ಕೆಲಸ ಏನೆಂದು ಯೋಚಿಸಬೇಕಾಗಿಯೇ ಇಲ್ಲ. ಲೈಫ್ ಜಾಕೆಟ್, ವೈರ್‌ಲೆಸ್, ಅಪಾಯದ ಸಂದೇಶ ಕಳಿಸುವ ಉಪಕರಣ, ಅವನ್ನು ಬಳಸುವ ತರಬೇತಿ, ಕಲಾಸಿಗಳ ಮಕ್ಕಳ ಓದು.

ಜ್ಞಾನ ಕೊಟ್ಟವರಿಗೆ ದೇಶವೇ ಗೌರವ ಕೊಟ್ಟ ಉದಾಹರಣೆಯೂ ಇದೆ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಡಾ. ಕೆ. ಎಚ್. ಅಲಿಕುಂಞಿ ಸಾಕು ಗೆಂಡೆ ಮೀನುಗಳಿಗೆ ಹಾರ್ಮೋನ್ ಚುಚ್ಚಿ ಮೊಟ್ಟೆ ಇಡಿಸುವುದರಲ್ಲಿ ಗೆದ್ದರು. ಆ ನೆನಪಿಗೆ ಪ್ರತಿ ಜುಲೈ 10 ರಾಷ್ಟ್ರೀಯ ಮೀನು ಕೃಷಿಕರ ದಿನ. ನಿಮ್ಮ ನಿಧಿಯ ಬಹುಮಾನ ಕೊಡಲು ಆ ದಿನವನ್ನೋ, ನವೆಂಬರ್ 21ರ ವಿಶ್ವ ಮೀನುಗಾರಿಕಾ ದಿನವನ್ನೋ ಆರಿಸಬಹುದು. ಜುಲೈಯಲ್ಲಿ ಬೋಟುಗಳೆಲ್ಲ ದಡದಲ್ಲಿರುತ್ತವೆ, ಜನ ಸಿಗುತ್ತಾರೆ.

ನಿಧಿಯ ಪತ್ರ ಬರೆಯುವಾಗ ಉದ್ದೇಶವನ್ನು ತೀರಾ ಬಿಗಿ ಮಾಡಬೇಡಿ. ‘ಇಂಥ ಶಾಲೆಯ ಏಳನೇ ತರಗತಿಗೆ ಮಾತ್ರ’ ಎಂದು ಬರೆದರೆ ಆ ಶಾಲೆ ಮುಚ್ಚಿದ ದಿನ ನಿಧಿಯೂ ಸಿಕ್ಕಿಬೀಳುತ್ತದೆ. ‘ಈ ಬಂದರಿನ ಮೀನುಗಾರ ಕುಟುಂಬದ ಮಕ್ಕಳ ಓದಿಗೆ’ ಅಂದರೆ ದಾರಿ ತೆರೆದಿರುತ್ತದೆ. ಬಡ್ಡಿಯಲ್ಲಿ ಎಷ್ಟು ಪಾಲು ಅಸಲಿಗೆ ವಾಪಸ್, ಆಯ್ಕೆ ಮಾಡುವವರು ಯಾರು, ವರ್ಷದ ಲೆಕ್ಕ ಯಾರಿಗೆ ಕಳಿಸಬೇಕು, ಸಂಸ್ಥೆಯೇ ನಿಂತುಹೋದರೆ ಹಣ ಎಲ್ಲಿಗೆ, ಇಷ್ಟನ್ನು ಬರೆದಿಡಿ. ಹೆಸರಿನ ಜೊತೆಗೆ ಆ ವ್ಯಕ್ತಿ ಏನು ಮಾಡಿದರು ಎಂದು ನಾಲ್ಕು ಸಾಲು ಸೇರಿಸಿ. ಬಹುಮಾನ ಕೊಡುವಾಗ ಆ ನಾಲ್ಕು ಸಾಲನ್ನು ಪ್ರತಿ ವರ್ಷ ಓದಿ ಹೇಳಬೇಕು ಎಂಬುದನ್ನೂ ಅದೇ ಪತ್ರದಲ್ಲಿ ಷರತ್ತಾಗಿ ಹಾಕಿ.